ತಣ್ಣಗಿನ ಚೌಕ

ನಮ್ಮೂರಲ್ಲಿ ಯಾರಿಗಾದರೂ ಕಂಬಳಿ ಹೆಣೆಯಬೇಕಾದರೆ ಮೊದಲು ಅವರನ್ನು ಮನಸ್ಸಿನಿಂದ ಆಚೆ ಕಳಿಸಬೇಕು. ಮಗನನ್ನು ನೆನೆಸಿಕೊಂಡು ತಾಯಿ ಸ್ವೆಟರ್ ಹೆಣೆದಳೋ, ಕೆಲಸ ಕೆಟ್ಟಿತು. ಊರಿನ ಬೇರೆ ಯಾವ ಹುಡುಗ ಹಾಕಿಕೊಂಡರೂ ಅದು ಒಲೆ ಮುಂದೆ ಕೂತಷ್ಟು ಬೆಚ್ಚಗಿರುತ್ತದೆ, ಆ ಮಗನಿಗೆ ಮಾತ್ರ ಒದ್ದೆ ಗೋಣಿಚೀಲ. ಹೊರಗಿನಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ಪುಷ್ಯದಲ್ಲಿ ಕಲ್ಲುಗಣಿ ಗುಡ್ಡದಿಂದ ಬಿಳಿಗಾಳಿ ಇಳಿದಾಗ, ಅಂಗಡಿಯ ರಗ್ಗು ಹೊದ್ದು ನಡುಗುತ್ತಾ ಬಂದು ನಮ್ಮ ಚೌಕದ ಮನೆಯ ಮೆಟ್ಟಿಲ ಮೇಲೆ ಕೂರುವವರೂ ಅವರೇ.

ಚೌಕದ ಮನೆ ಎಂದರೆ ಮುಚ್ಚಿಹೋದ ಸಿನಿಮಾ ಟಾಕೀಸಿನ ಟಿಕೆಟ್ ಕೋಣೆ, ಅದರ ಮುಂದಿನ ಉದ್ದ ಜಗಲಿ. ಮಧ್ಯಾಹ್ನದ ಊಟ ಮುಗಿಸಿ ಕೈ ಬಿಡುವಾದವರೆಲ್ಲ ಅಲ್ಲಿ ಬಂದು ಕೂರುತ್ತೇವೆ. ಹೆಂಗಸರು ಗಂಡಸರು ಅಂತಿಲ್ಲ, ನಮ್ಮೂರಲ್ಲಿ ಹೆಣಿಗೆ ಕಡ್ಡಿ ಹಿಡಿಯಲು ಬಾರದ ಗಂಡಸಿಗೆ ಹೆಣ್ಣು ಕೊಡಲು ಯೋಚನೆ ಮಾಡುತ್ತಾರೆ. ಒಬ್ಬೊಬ್ಬರೂ ಗೇಣುದ್ದದ ಚೌಕ ಹೆಣೆದು ಬುಟ್ಟಿಗೆ ಹಾಕುತ್ತೇವೆ. ಶನಿವಾರ ಎಲ್ಲವನ್ನೂ ಸೇರಿಸಿ ಹೊಲಿದರೆ ಕಂಬಳಿ. ಅದು ಬಸ್‌ಸ್ಟ್ಯಾಂಡಿನಲ್ಲಿ ಮಲಗುವವನಿಗೆ ಹೋಗಬಹುದು, ಬಾಣಂತಿಗೆ ಹೋಗಬಹುದು, ಗುಡಿಸಲು ಸುಟ್ಟುಕೊಂಡವರಿಗೆ ಹೋಗಬಹುದು. ಯಾರಿಗೆ ಹೋಯಿತು ಅಂತ ಹೆಣೆದವರು ಕೇಳುವ ಹಾಗಿಲ್ಲ, ಅದು ಇಲ್ಲಿಯ ಕಟ್ಟಳೆ.

ಹಾಗಂತ ಮನಸ್ಸು ಖಾಲಿ ಇಟ್ಟುಕೊಂಡು ಹೆಣೆದರೂ ಪ್ರಯೋಜನವಿಲ್ಲ, ಅಂಥ ಚೌಕ ಬರೀ ಬಟ್ಟೆ. ಯಾರನ್ನಾದರೂ ನೆನೆಸಿಕೊಳ್ಳಲೇಬೇಕು, ಆ ನೆನೆಸಿಕೊಂಡವರಿಗೆ ಅದು ಹೋಗಬಾರದು, ಅಷ್ಟೇ. ನಮ್ಮ ಶಾಲೆಯ ಇಂದುಮತಿ ಟೀಚರು ಒಬ್ಬ ಸಿನಿಮಾ ನಟನನ್ನು ನೆನೆಸಿಕೊಂಡು ಹೆಣೆಯುತ್ತಾರೆ. ಅವನು ಯಾವ ಕಾಲಕ್ಕೂ ನಮ್ಮೂರಿಗೆ ಬರುವವನಲ್ಲ, ಹಾಗಾಗಿ ಟೀಚರ ಚೌಕ ಯಾರ ಮೇಲೆ ಬಿದ್ದರೂ ನಿಶ್ಚಿಂತೆ. ನೆನೆಸಿಕೊಳ್ಳುವ ಸಂಕಟ ಎಷ್ಟು ಜಾಸ್ತಿಯೋ ಚೌಕ ಅಷ್ಟು ಬಿಸಿ. ಊರಿನಲ್ಲಿ ಎಲ್ಲಕ್ಕಿಂತ ಬಿಸಿಯಾದ ಚೌಕಗಳು ನನ್ನವು ಅಂತ ಹೆಸರಿತ್ತು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ, ಕೇಳಿದ್ದರೆ ನಾನು ಸುಮ್ಮನೆ ಬಿಡುತ್ತಲೂ ಇರಲಿಲ್ಲ.

ಇನ್ನೊಂದು ಪದ್ಧತಿ ಹೇಳಿಬಿಡುತ್ತೇನೆ. ಒಬ್ಬರ ಮೇಲೆ ಮನಸ್ಸಾದರೆ ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಅವರನ್ನೇ ನೆನೆಯುತ್ತಾ ಪೂರಾ ಕಂಬಳಿಯನ್ನು ಒಬ್ಬರೇ ಹೆಣೆದು, ಅವರ ಮನೆಯ ಗುರುತಿನ ಚೀಟಿ ಸಿಕ್ಕಿಸಿ, ತಮ್ಮ ಹೆಸರು ಹೇಳದೆ ಚೌಕದ ಮನೆಯಲ್ಲಿಟ್ಟು ಬರುವುದು. ಅದು ಅವರಿಗೆ ತಲುಪುತ್ತದೆ. ಹೊದ್ದವರಿಗೆ ತಣ್ಣಗಾಗುತ್ತದೆ. ತಣ್ಣಗಿದ್ದರೂ ಇಟ್ಟುಕೊಂಡರೆ ಒಪ್ಪಿಗೆ ಅಂತ, ವಾಪಸ್ ತಂದುಕೊಟ್ಟರೆ ಇಲ್ಲ ಅಂತ. ಆಮೇಲೆ ಆ ಮಾತು ಯಾರೂ ಎತ್ತುವುದಿಲ್ಲ. ಇದರಲ್ಲಿ ಒಂದು ತಮಾಷೆಯೂ ಇದೆ, ತಾಯಂದಿರದು. ಎಷ್ಟು ಹೇಳಿದರೂ ಕೇಳದೆ ಬೆಳೆದ ಮಕ್ಕಳಿಗೆ ಕದ್ದು ಕಂಬಳಿ ಹೆಣೆದು ಹೀಗೇ ಕಳಿಸುತ್ತಾರೆ. ಅದಕ್ಕೆ ಅವ್ವನ ಕಂಬಳಿ ಅನ್ನುತ್ತೇವೆ. ಮಕ್ಕಳು ನಗುತ್ತಾ ಹಿಂದಕ್ಕೆ ಕೊಟ್ಟು ಬೇರೆ ತಗೊಂಡು ಹೋಗುತ್ತಾರೆ. ಕೇಳಿದರೆ ಎಲ್ಲ ತಾಯಂದಿರದೂ ಒಂದೇ ಮಾತು, "ನಾನೆಲ್ಲೋ ಹೆಣೆದೆ?" ನಾನೂ ನನ್ನ ಹರೆಯದಲ್ಲಿ ಒಂದು ಅವ್ವನ ಕಂಬಳಿ ಹಿಂದಿರುಗಿಸಿದವಳೇ.

ನನ್ನ ಹೆಸರು ವನಜಾಕ್ಷಿ. ಹಿಟ್ಟಿನ ಗಿರಣಿ ನಡೆಸುತ್ತೇನೆ. ಗಿರಣಿ ಸದ್ದಿನಲ್ಲಿ ಮಾತಾಡಿ ಮಾತಾಡಿ ನನಗೆ ಗಂಟಲು ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು ಅಂತ ಊರಿನವರು. ಮದುವೆಯಾಗಲಿಲ್ಲ. ಆಗಬೇಕಾಗಿತ್ತು. ನಮ್ಮ ಬೀದಿಯವನೇ ಆದ ತಿರುಮಲೇಶನ ಜೊತೆ ಮಾತುಕತೆ ನಡೆದಿತ್ತು. ಅವನು ಊರಿಗೆ ನೀರು ಬಿಡುವವನು, ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿಯ ಗುಂಡಿಗಿಳಿದು ವಾಲ್ವ್ ತಿರುಗಿಸುವ ಕೆಲಸ. ಅಷ್ಟರಲ್ಲಿ ಅಪ್ಪ ತೀರಿಕೊಂಡ. ಗಿರಣಿ, ಅವ್ವ, ಇಬ್ಬರು ತಮ್ಮಂದಿರು ನನ್ನ ತಲೆಗೆ ಬಂದರು. ಸ್ವಲ್ಪ ಕಾಲ ಹೋಗಲಿ ಅಂದೆ. ಕಾಯ್ತೀನಿ ಅಂದ. ಮುಂದಿನ ಚಳಿಗಾಲ ಕಳೆಯುವಷ್ಟರಲ್ಲಿ ಒಂದು ಮಾತೂ ಹೇಳದೆ ಸೋದರಮಾವನ ಮಗಳು ಲಲಿತಳನ್ನು ಮದುವೆಯಾದ. ಆ ಮದುವೆಯ ಹೋಳಿಗೆಗೆ ಗೋಧಿ ಬೀಸಿಕೊಟ್ಟದ್ದು ನಮ್ಮ ಗಿರಣಿಯೇ.

ಲಲಿತ ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಅವಳು ತೀರಿಹೋಗಿ ಕೆಲವು ವರ್ಷಗಳಾದವು. ತಿರುಮಲೇಶನ ಜೊತೆ ಮಗಳು ಕುಸುಮ ಇದ್ದಾಳೆ. ಅವನು ಈಗಲೂ ನಮ್ಮ ಗಿರಣಿ ಮುಂದಿನ ಗುಂಡಿಗೆ ಇಳಿಯುತ್ತಿದ್ದ, ಮೇಲೆ ಬಂದು, "ನೀರು ಬಿಟ್ಟಿದೀನಿ," ಅನ್ನುತ್ತಿದ್ದ. "ಗೊತ್ತಾಯ್ತು," ಅನ್ನುತ್ತಿದ್ದೆ. ಅಷ್ಟೇ ನಮ್ಮ ಮಾತು. ಆ ಎರಡು ಪದಕ್ಕಾಗಿ ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುತ್ತಿದ್ದೆ, ಇನ್ನೇನು ಮುಚ್ಚಿಡುವುದು. ಮಧ್ಯಾಹ್ನ ಕಡ್ಡಿ ಹಿಡಿದರೆ ಅವನೇ ಬಂದು ಕಣ್ಣ ಮುಂದೆ ಕೂರುತ್ತಿದ್ದ. ಬೈದು ಓಡಿಸಿದರೂ ಹೋಗುತ್ತಿರಲಿಲ್ಲ. ಹಾಳಾಗಿ ಹೋಗಲಿ, ಊರಿಗಾದರೂ ಬೆಚ್ಚಗಿರಲಿ ಅಂತ ಹೆಣೆಯುತ್ತಿದ್ದೆ.

ಈ ಸಲ ಬಿಳಿಗಾಳಿ ಶುರುವಾದಾಗ ಗುಂಡಿಯ ಬಳಿ ಅವನು ಕಾಣಲಿಲ್ಲ. ಬೇರೆ ಯಾರೋ ಬಂದು ನೀರು ಬಿಟ್ಟು ಹೋದರು. ಎದೆಗೆ ಚಳಿ ಹಿಡಿದು ಮಲಗಿದ್ದಾನಂತೆ ಅಂತ ರಾಗಿ ತಂದವರು ಹೇಳಿದರು. ಹೋಗಿ ನೋಡಲು ನಾನು ಯಾರು? ಕಲ್ಲು ಸರಿಯಿಲ್ಲ, ಬೆಲ್ಟು ಸರಿಯಿಲ್ಲ ಅಂತ ಬಂದವರ ಮೇಲೆಲ್ಲ ರೇಗಾಡುತ್ತಾ ಗಿರಣಿಯಲ್ಲೇ ಇದ್ದೆ.

ಆಗ ಸಾಕಮ್ಮ ಬಂದಳು. ಚೌಕದ ಮನೆಯ ಯಜಮಾನಿಕೆ ಅವಳದು, ನನ್ನ ವಾರಿಗೆಯವಳು. ಹೊಸ ಸೊಸೆಯಾಗಿ ಈ ಊರಿನ ಬಸ್ಸಿಳಿದ ದಿನ ಚೌಕದ ಮನೆಯಿಂದ ಕೊಟ್ಟ ಕಂಬಳಿಯನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಕಂದು ಬಣ್ಣದ್ದು, ಒಂದು ಮೂಲೆ ಓರೆ. ಊರಲ್ಲಿ ಇಂಥ ಬಿಸಿ ಕಂಬಳಿ ಇನ್ನೊಂದಿಲ್ಲ ಅಂತ ಜಂಬ ಬೇರೆ. "ಯಾವ ಪುಣ್ಯಾತ್ಮ ಹೆಣೆದನೋ, ಯಾರನ್ನ ನೆನೆಸ್ಕೊಂಡು ಹೊಟ್ಟೆ ಉರ್ಕೊಂಡನೋ, ನನಗಂತೂ ಅನುಕೂಲ," ಅನ್ನುತ್ತಾಳೆ.

"ಗಿರಣಿ ನಿಲ್ಲಿಸೇ, ಮಾತಾಡ್ಬೇಕು," ಅಂದಳು.

"ಇನ್ನೂ ರಾಗಿ ಇದೆ. ಕಿರುಚು, ಕೇಳ್ಸತ್ತೆ."

"ಕಿರುಚೋ ಮಾತಲ್ಲ ಕಣೇ."

ನಿಲ್ಲಿಸಿದೆ. ಸಾಕಮ್ಮ ಸೆರಗಿನಿಂದ ಕುರ್ಚಿಯ ಹಿಟ್ಟು ಒರೆಸಿ ಕೂತಳು. "ತಿರುಮಲೇಶಂಗೆ ಕೊಟ್ಟ ಕಂಬಳಿ ವಾಪಸ್ ಬಂತು. ತಣ್ಣಗಿದೆಯಂತೆ. ಇನ್ನೊಂದು ಕೊಟ್ಟೆ, ಅದೂ ಬಂತು. ಪೂರಾ ತಣ್ಣಗಿಲ್ಲವಂತೆ, ಅಲ್ಲಲ್ಲಿ ತೂತು ಬಿದ್ದು ಗಾಳಿ ನುಗ್ಗಿದ ಹಾಗೆ ಅಂತ ಕುಸುಮ ಹೇಳಿದ್ಲು. ನಾನೇ ಹೋಗಿ, ಎಲ್ಲೆಲ್ಲಪ್ಪಾ ಅಂತ ಕೇಳಿ ಸೀಮೆಸುಣ್ಣದಲ್ಲಿ ಗುರುತು ಹಾಕ್ದೆ. ಆ ಚೌಕ ಎಲ್ಲಾ ನೋಡ್ದೆ ಕಣೇ."

"ನೋಡಿ?"

"ಮೂಲೆಗೆ ಜೋಡಿ ಗಂಟು ಹಾಕೋಳು ಈ ಊರಲ್ಲಿ ನೀನೊಬ್ಬಳೇ."

ನನಗೆ ಎಲ್ಲಿ ನೋಡಬೇಕೆಂದು ತೋಚಲಿಲ್ಲ. ಇಷ್ಟು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡೆ ಅಂದುಕೊಂಡದ್ದನ್ನು ಅವನ ಮೈಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾರೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಅದರ ಹಿಂದೆಯೇ ಹೆದರಿಕೆ ಬಂತು.

"ನನ್ನ ಚೌಕ ಇಲ್ಲದ್ದೊಂದು ಕೊಡೇ ಹಾಗಾದ್ರೆ!"

"ಎಲ್ಲಿಂದ ತರ್ಲಿ? ದಿನಾ ಬಂದು ಬುಟ್ಟಿ ಬುಟ್ಟಿ ಹೆಣೆದು ಹಾಕಿದೀಯ. ನಿಂದು ಇಲ್ಲದ ಕಂಬಳಿ ಒಂದೂ ಇಲ್ಲ. ಕೊನೆಗೆ ನನ್ನದನ್ನೇ ತೆಗೆದು ಹೊದಿಸೋಕೆ ಹೋದೆ ಕಣೇ. ಅದನ್ನ ನೋಡಿ, 'ಇದು ನನಗೆ ಹೆಣೆದದ್ದಲ್ಲ, ಬೇಡ' ಅಂತ ಗೋಡೆ ಕಡೆ ತಿರುಗಿ ಮಲಗಿದ. ಜ್ವರದಲ್ಲಿ ಏನೋ ಬಡಬಡಿಸ್ತಾನೆ. ಗಾಳಿ ನಿಲ್ಲೋವರೆಗೆ ಹೀಗೇ ನಡುಗಿದ್ರೆ ಕಷ್ಟ ಅಂತ ಡಾಕ್ಟ್ರು ಹೇಳಿ ಹೋಗಿದಾರೆ."

ಮೊದಲು ನಾನು ಒಂದು ಪೆದ್ದು ಕೆಲಸ ಮಾಡಿದೆ. ಅವನನ್ನು ಬಿಟ್ಟು ಬೇರೆ ಯಾರನ್ನಾದರೂ ನೆನೆಸಿಕೊಂಡು ಹೊಸ ಚೌಕ ಹೆಣೆಯುತ್ತೇನೆ ಅಂತ ಹಟ ಹಿಡಿದು ಚೌಕದ ಮನೆಯ ಜಗಲಿಯಲ್ಲಿ ಕೂತೆ. ಅಪ್ಪನನ್ನು ನೆನೆಸಿಕೊಂಡೆ. ಅಪ್ಪ ಬಂದ, ಅವನ ಹಿಂದೆ ಅಪ್ಪನ ಸಾವಿಗೆ ಹೆಗಲು ಕೊಟ್ಟ ತಿರುಮಲೇಶ ಬಂದ. ದೂರದೂರಿನಲ್ಲಿರುವ ತಮ್ಮಂದಿರನ್ನು ನೆನೆಸಿಕೊಂಡರೆ ಅವರಿಗೆ ಈಜು ಕಲಿಸಿದವನು ಬಂದ. ಸಾಕಾಗಿ ಗಿರಣಿಯ ಮೋಟಾರು ರಿಪೇರಿ ಮಾಡದೆ ನನ್ನನ್ನು ಅಲೆದಾಡಿಸುವ ಮೆಕ್ಯಾನಿಕ್‌ನನ್ನು ನೆನೆಸಿಕೊಂಡು ಬೈಯುತ್ತಾ ಹೆಣೆದೆ. ಆ ಚೌಕವನ್ನು ಸಾಕಮ್ಮ ಒಯ್ದು ಅವನ ಅಂಗೈಗೆ ಮುಟ್ಟಿಸಿ ವಾಪಸ್ ತಂದಳು. "ಮಂಜುಗಡ್ಡೆಯಂತೆ," ಅಂದಳು.

"ಅಯ್ಯೋ, ನನ್ನ ಕೈಗೆ ಹಾವು ಕಚ್ಚ!" ಅಂತ ಕಡ್ಡಿ ಎಸೆದು ಅತ್ತೆ. ಎಲ್ಲರ ಎದುರಿಗೇ ಅತ್ತೆ. ಒಬ್ಬ ಮನುಷ್ಯನ ಮೇಲೆ ಇಷ್ಟು ಆಸೆ ಇಟ್ಟುಕೊಂಡು ಅವನಿಗೆ ಒಂದು ಗೇಣು ಬಿಸಿ ಕೊಡಲಾಗದಿದ್ದರೆ ಆ ಆಸೆಯನ್ನು ಏನು ಮಾಡಬೇಕು? ಜಗಲಿಯ ಮೇಲಿದ್ದವರು ತಮ್ಮ ತಮ್ಮ ಕಡ್ಡಿಯ ಕುಣಿಕೆ ನೋಡಿಕೊಂಡು ಕೂತರು. ಕೊನೆಗೆ ಇಂದುಮತಿ ಟೀಚರು ಮೂಗಿನ ಮೇಲಿನ ಕನ್ನಡಕ ತೆಗೆದರು.

"ವನಜಾಕ್ಷಿ, ಹೊಸದಾಗಿ ಹೆಣೀತಾ ಕೂತ್ರೆ ಗಾಳಿ ಕಾಯುತ್ತಾ? ಇರೋ ಕಂಬಳಿಯಿಂದ ನಿಮ್ಮದನ್ನ ಕಿತ್ತುಬಿಡಿ. ಆ ಜಾಗಕ್ಕೆ ನಮ್ಮದು ಹಾಕೋಣ. ನನ್ನ ಹೀರೋ ಬೇಕಾದಷ್ಟಿದಾನೆ."

ಇಷ್ಟು ಸುಲಭದ ಮಾತು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ, ಯಾಕೆಂದರೆ ಸೇರಿಸಿದ ಕಂಬಳಿಯನ್ನು ಬಿಚ್ಚುವುದು ಚೌಕದ ಮನೆಯಲ್ಲಿ ಯಾರೂ ಮಾಡದ ಕೆಲಸ. ಸಾಕಮ್ಮ ಒಂದು ಗಳಿಗೆ ಮುಖ ಗಂಟಿಕ್ಕಿದಳು, ಆಮೇಲೆ ತಾನೇ ಕತ್ತರಿ ತಂದು ನನ್ನ ಮಡಿಲಿಗೆ ಹಾಕಿದಳು. ಕಂಬಳಿಯನ್ನು ಜಗಲಿಯುದ್ದಕ್ಕೂ ಹಾಸಿದೆವು. ಜೋಡಿ ಗಂಟು ಹುಡುಕಿ ಹುಡುಕಿ ಕಿತ್ತೆ. ಇದು ಅವನಿಗೆ ಹುಡುಗಿ ಹುಟ್ಟಿದ ವರ್ಷ ಕೊಂಡು ಉಳಿದಿದ್ದ ಉಲ್ಲನ್ ಅಲ್ಲವಾ, ಇದು ಅವನು ಗುಂಡಿಯಲ್ಲಿ ಜಾರಿ ಕಾಲು ಮುರಿದುಕೊಂಡಾಗ ಕೊಂಡ ಹಸಿರು ಅಲ್ಲವಾ ಅಂತ ಒಂದೊಂದನ್ನೂ ಗುರುತು ಹಿಡಿಯುತ್ತಾ ಕಿತ್ತು ಚೀಲಕ್ಕೆ ಹಾಕಿದೆ. ಒಂದು ಚೌಕ ಬಿಟ್ಟರೂ ಆ ಜಾಗದಲ್ಲಿ ಅವನು ನಡುಗುತ್ತಾನೆ. ಅವನು ಬದುಕಬೇಕಾದರೆ ಅವನ ಮೇಲೆ ನಾನು ಎಲ್ಲಿಯೂ ಇರಬಾರದು. ಹಿಂದೆ ಅವನು ಬೇರೆಯವಳಿಗೆ ತಾಳಿ ಕಟ್ಟಿದ ದಿನವೂ ನನಗೆ ಇಷ್ಟು ನೋವಾಗಿರಲಿಲ್ಲ. ನನ್ನ ಪಕ್ಕದಲ್ಲಿ ಕೂತು ಎಲ್ಲರೂ ತಮ್ಮ ಚೌಕಗಳನ್ನು ಆ ತೂತುಗಳಿಗೆ ಸೇರಿಸಿದರು. ಕತ್ತಲಾಗುವ ಮೊದಲೇ ಸಾಕಮ್ಮ ಅದನ್ನು ಒಯ್ದು ಹೊದಿಸಿ ಬಂದಳು.

ಮಾರನೆಯ ದಿನ ಮಧ್ಯಾಹ್ನ ಕುಸುಮ ಗಿರಣಿಯ ಬಾಗಿಲಿಗೆ ಬಂದು ನಿಂತಳು. "ದೊಡ್ಡಮ್ಮ, ಅಪ್ಪ ನಿಮ್ಮನ್ನ ಕರೀತಿದಾರೆ. ಸಾಕಮ್ಮ ನಿನ್ನೆ ಎಲ್ಲಾ ಹೇಳಿದ್ರು. ಕಿತ್ತ ಚೌಕದ ಚೀಲಾನೂ ತರ್ಬೇಕಂತೆ."

ಹೋದೆ. ತಿರುಮಲೇಶ ಗೋಡೆಗೆ ಒರಗಿ ಕೂತಿದ್ದ, ಕಂಬಳಿ ಕತ್ತಿನವರೆಗೆ. ಮುಖಕ್ಕೆ ಬಣ್ಣ ಬಂದಿತ್ತು. ನಡುಗುತ್ತಿರಲಿಲ್ಲ. ಅವನ ಮನೆಯೊಳಗೆ ನಾನು ಕಾಲಿಟ್ಟದ್ದು ಲಲಿತ ಹೋದ ದಿನ, ಅದು ಬಿಟ್ಟರೆ ಇವತ್ತೇ. ಕುಸುಮ ಚಾಪೆ ಹಾಕಿ, ಕಷಾಯಕ್ಕೆ ಇಡ್ತೀನಿ ಅಂತ ಒಳಗೆ ಹೋದಳು.

"ಬೆಚ್ಚಗಿದೆಯಾ?" ಅಂದೆ.

"ಇದೆ."

"ಎಲ್ಲಾ ಕಡೆ?"

"ಎಲ್ಲಾ ಕಡೆ." ಅವನು ನನ್ನ ಚೀಲ ನೋಡಿದ. "ಅದರಲ್ಲಿ ಒಂದು ಕೊಡು."

"ಯಾಕೆ?"

"ಕೊಡು ಅಂದ್ನಲ್ಲ."

ಕೈಗೆ ಸಿಕ್ಕಿದ ಹಸಿರು ಚೌಕ ಕೊಟ್ಟೆ. ಅವನು ಅಂಗಿಯ ಗುಂಡಿ ಬಿಚ್ಚಿ ಅದನ್ನು ಎದೆಯ ಮೇಲಿಟ್ಟು ಮತ್ತೆ ಗುಂಡಿ ಹಾಕಿಕೊಂಡ. ಮೈ ಜುಮ್ಮೆಂದು ಒಂದು ಸಲ ನಡುಗಿದ್ದು ನನಗೆ ಕಾಣಿಸಿತು.

"ಥೂ, ಹುಚ್ಚು ಹಿಡಿದಿದೆಯೇನೋ ನಿನಗೆ? ಎದೆಗೇ ಚಳಿ ಹಿಡಿದಿರೋದು, ತೆಗಿ ಅದನ್ನ!"

"ತೆಗೆಯಲ್ಲ," ಅಂದ. "ನೀನು ಮಾಡಿದ ಹಾಗೆ ನಾನು ವಾಪಸ್ ಕೊಡಲ್ಲ."

"ನಾನೇನು ವಾಪಸ್ ಕೊಟ್ಟೆ?"

"ಕಂಬಳಿ ಕಣೇ. ನಿಮ್ಮಪ್ಪ ಹೋದ ವರ್ಷ. ನಿಮ್ಮ ಗಿರಣಿ ಮುಂದಿನ ಗುಂಡೀಲಿ ಕೂತು ಹೆಣೆದದ್ದು, ಯಾರಿಗೂ ಕಾಣಬಾರದು ಅಂತ. ಬಗ್ಗಿ ಕೂತು ಹೆಣೆದು ಹೆಣೆದು ಒಂದು ಮೂಲೆ ಓರೆ ಆಗೋಯ್ತು. ಬಿಚ್ಚಿ ಮತ್ತೆ ಹೆಣೆಯೋ ತಾಳ್ಮೆ ಇರಲಿಲ್ಲ, ಹಾಗೇ ಇಟ್ಟು ಬಂದೆ. ನೀನು ಅದನ್ನ ಚೌಕದ ಮನೆಗೆ ತಂದಾಗ ನಾನು ಎದುರಿನ ಗುಂಡೀಲಿದ್ದೆ. ಮಾತು ಕೇಳ್ಸಲಿಲ್ಲ. ನಗ್ತಾ ಕೊಟ್ಟೆ ನೀನು. ಅಷ್ಟು ನಗಬಾರದಾಗಿತ್ತು."

ಕಂದು ಬಣ್ಣ. ಓರೆ ಮೂಲೆ. ಆ ಚಳಿಗಾಲ ಅವ್ವನ ಮಡಿಲಲ್ಲಿ ಕಂದು ಉಲ್ಲನ್ನಿನ ಉಂಡೆ ಇತ್ತು. ಮನೆ ಬಾಗಿಲಿಗೆ ಕಂದು ಕಂಬಳಿ ಬಂತು, ಹೊದ್ದರೆ ತಣ್ಣಗೆ. ಇನ್ನು ಯಾರದ್ದಾಗಿರುತ್ತದೆ? "ಅವ್ವ, ಸಿಕ್ಕಿಬಿದ್ದೆ," ಅಂದಿದ್ದೆ. "ನಾನೆಲ್ಲೇ ಹೆಣೆದೆ, ನಾನು ಹೆಣೀತಿರೋದು ಮಫ್ಲರು," ಅಂದಿದ್ದಳು ಅವ್ವ. ಯಾವ ತಾಯಿ ತಾನೇ ಒಪ್ಪಿಕೊಳ್ಳುತ್ತಾಳೆ! ನಗುತ್ತಾ ಒಯ್ದು ಕೊಟ್ಟು, ಬೇರೆ ತಂದು ಹೊದ್ದು ನಿದ್ದೆ ಮಾಡಿದ್ದೆ.

"ಅವ್ವಂದು ಅಂದ್ಕೊಂಡೆ ಕಣೋ," ಅಂದೆ. "ತಿರುಮಲೇಶ, ನಮ್ಮ ಅವ್ವಂದು ಅಂದ್ಕೊಂಡೆ!"

"ಅವ್ವಂದಾ?"

"ಹೂಂ ಕಣೋ, ಅವ್ವಂದು."

ಅವನು ನಗಲು ಹೋದ, ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡ. ಆ ನೀರು ಕೆಮ್ಮಿನದೇ ಇರಬಹುದು, ನಾನು ಕೇಳಲಿಲ್ಲ.

"ಒಂದು ಮಾತು ಬಂದು ಕೇಳೋಕೆ ನಿನಗೇನಾಗಿತ್ತು?" ಅಂದೆ.

"ವಾಪಸ್ ಬಂದಮೇಲೆ ಕೇಳೋ ಪದ್ಧತಿ ಇಲ್ವಲ್ಲೇ."

"ಪದ್ಧತಿಗೆ ಬೆಂಕಿ ಹಾಕ."

"ನೀನಾದ್ರೂ ಕೇಳ್ಬಹುದಿತ್ತು, ಯಾಕೋ ಮದುವೆಯಾದೆ ಅಂತ."

ಕೇಳಬಹುದಿತ್ತು. ಅಷ್ಟು ದೊಡ್ಡ ಬಾಯಿ ನನ್ನದು, ಊರಿಗೆಲ್ಲ ಉಪಯೋಗಕ್ಕೆ ಬಂತು, ಆ ಒಂದು ಮಾತಿಗೆ ಬರಲಿಲ್ಲ. ಅವನು ಲಲಿತಳ ಫೋಟೋ ಇದ್ದ ಗೋಡೆಯ ಕಡೆ ನೋಡಿದ. "ಅವಳು ಒಳ್ಳೆಯವಳು ವನಜಾ. ಅವಳ ಬಗ್ಗೆ ನಾನೊಂದು ಮಾತೂ ಆಡಲ್ಲ." "ನಾನೂ ಆಡಲ್ಲ," ಅಂದೆ. ಕುಸುಮ ಕಷಾಯ ತಂದಳು. ಇಬ್ಬರೂ ಕುಡಿದೆವು. ಎದ್ದು ಹೊರಡುವಾಗ ಅವನು ಅಂಗಿಯ ಮೇಲಿಂದ ಆ ಚೌಕವನ್ನು ಒತ್ತಿ ಹಿಡಿದುಕೊಂಡೇ ಇದ್ದ.

"ಗಾಳಿ ನಿಂತಮೇಲೆ ಬಂದು ನೀರು ಬಿಡ್ತೀನಿ," ಅಂದ.

"ಗೊತ್ತಾಯ್ತು," ಅಂದೆ.

ಅಲ್ಲಿಂದ ನೆಟ್ಟಗೆ ಚೌಕದ ಮನೆಗೆ ನಡೆದೆ. ಬಿಳಿಗಾಳಿ ಮುಖಕ್ಕೆ ರಾಚುತ್ತಿತ್ತು. ಸಾಕಮ್ಮ ಜಗಲಿಯ ಮೂಲೆಯಲ್ಲಿ ಅದೇ ಕಂಬಳಿ ಹೊದ್ದು ಕೂತಿದ್ದಳು. ಅವಳ ಭುಜದಿಂದ ಇಳಿಬಿದ್ದ ಓರೆ ಮೂಲೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ದಿನಾ ಕಣ್ಣ ಮುಂದಿದ್ದದ್ದು. ಎಷ್ಟೋ ಸಲ ಈ ಓರೆಯನ್ನು ನೋಡಿ, ಯಾವ ಸೊಟ್ಟ ಕೈಯವನು ಹೆಣೆದನೋ ಅಂತ ನಾನೇ ನಕ್ಕಿದ್ದೆ.

"ಸಾಕಮ್ಮ, ಇದನ್ನ ನನಗೆ ಕೊಡೇ."

"ಯಾಕೇ? ಇದೊಂದು ಬಿಟ್ಟು ಬೇರೆ ಏನಾದ್ರೂ ಕೇಳು."

ಹೇಳಿದೆ. ಎಲ್ಲವನ್ನೂ ಹೇಳಲು ಬಹಳ ಮಾತು ಬೇಕಾಗಲಿಲ್ಲ. ಸಾಕಮ್ಮ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ನನ್ನ ಶಿವನೇ! ಇಷ್ಟು ವರ್ಷ ನಾನು ನಿನ್ನದನ್ನ ಹೊದ್ಕೊಂಡು ಮೆರೆದ್ನೇನೇ!" ಅಂತ ಎದ್ದು, ಮೈಮೇಲಿಂದ ಕಂಬಳಿ ತೆಗೆದು ನನ್ನ ತೋಳಿಗೆ ಹಾಕಿದಳು. ನಾನು ಚೀಲವನ್ನು ಅವಳ ಕೈಗೆ ಕೊಟ್ಟೆ. "ಇವನ್ನೆಲ್ಲ ಜೋಡಿಸಿ ಹೊದ್ಕೋ. ನಿನ್ನ ಹಳೇದಕ್ಕಿಂತ ಒಂಚೂರು ಕಮ್ಮಿ ಬಿಸಿ ಇದ್ರೂ ಬಂದು ನನ್ನ ಕೇಳು."

ಆಮೇಲೆ ಕಂಬಳಿಯನ್ನು ಬಿಡಿಸಿ ಹೊದ್ದುಕೊಂಡೆ. ಆಗಷ್ಟೇ ಅವಳ ಮೈಮೇಲಿಂದ ತೆಗೆದದ್ದು, ಅವಳ ಬಿಸಿಯಾದರೂ ಉಳಿದಿರಬೇಕಾಗಿತ್ತು. ಇರಲಿಲ್ಲ. ಬಾವಿಯ ನೀರು ಸುರಿದಂತೆ ಕತ್ತಿನಿಂದ ಬೆನ್ನಿಗೆ ಇಳಿಯಿತು ಅದರ ತಂಪು. ಎದೆಗೆ ಅವಚಿಕೊಂಡಷ್ಟೂ ತಣ್ಣಗಾಯಿತು. ಅಷ್ಟೊಂದು ನೆನೆಸಿಕೊಂಡಿದ್ದನಾ ಪುಣ್ಯಾತ್ಮ! ನನ್ನ ಹಲ್ಲು ಕಟಕಟ ಅನ್ನತೊಡಗಿತು. ಜಗಲಿಯ ಮೇಲಿದ್ದವರೆಲ್ಲ ಕಡ್ಡಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಈ ಗಾಳೀಲಿ ಇದನ್ನ ಹೊದ್ರೆ ಸತ್ತೇಹೋಗ್ತೀಯ ಕಣೇ," ಅಂತ ಸಾಕಮ್ಮ ಕೈ ಚಾಚಿದಳು. "ಇತ್ಲಾಗೆ ಕೊಡು, ಬೇರೆ ಕೊಡ್ತೀನಿ."

"ಬೇಡ," ಅಂದೆ. "ವಾಪಸ್ ಕೊಡಲ್ಲ."